ಹೊಂಗೆಎಣ್ಣೆಯ ವಾಸನೆ

ಆಗಿನ್ನೂ ಎರಡನೆಯ ಮಹಾಯುದ್ಧ ಮುಗಿದಿರಲಿಲ್ಲ. ಹೊಸೂರಿನ ಬಳಿಯ ನಮ್ಮ ಉದ್ದನಪಲ್ಲಿಯಲ್ಲಿ ರಾಗಿ ಕೊಯ್ಲು ಮುಗಿದು ಚಳಿ ಬಿದ್ದಿತೆಂದರೆ ಮಕ್ಕಳಿಗೆ ಎರಡೇ ಕೆಲಸ: ಕಲ್ಲಾಟ ಆಡುವುದು, ಕಜ್ಜಿ ತುರಿಸಿಕೊಳ್ಳುವುದು.

ಪಕ್ಕದ ಮನೆಯ ನಂಜಿ ನನ್ನ ಜೊತೆಗಾತಿ. ಬೆಳಿಗ್ಗೆ ಹಿಂದಿನಿಂದ ಬಂದು ಎರಡೂ ಅಂಗೈಗಳಿಂದ ನನ್ನ ಕಣ್ಣು ಮುಚ್ಚುತ್ತಿದ್ದಳು. ಹೊಂಗೆಎಣ್ಣೆಯ ಕಹಿ ವಾಸನೆಯಿಂದಲೇ ನಾನು ಅವಳ ಹೆಸರು ಹೇಳಿಬಿಡುತ್ತಿದ್ದೆ.

ನಾವು ಜಗಲಿಗೆ ಇಳಿಯುವ ಮೊದಲು ಅಜ್ಜಿ ಹೊಸ್ತಿಲಲ್ಲಿ ಕೂತು ನನ್ನ ಮತ್ತು ತಮ್ಮನ ಬೆರಳ ಸಂದುಗಳನ್ನು ಬಿಡಿಸಿ ನೋಡುತ್ತಿದ್ದಳು. ಒಂದು ದಿನ ನನ್ನ ಕೈ ಬಿಡಲೇ ಇಲ್ಲ. ಸಂದಿನಲ್ಲಿ ಸಣ್ಣ ನೀರುಗುಳ್ಳೆಗಳಿದ್ದವು.

"ಯಾರ್ ಜತೆ ಆಡ್ದೆ?"

"ನಂಜಿ ಜತೆ."

"ಅಂಗನ್ನು ಮತ್ತೆ! ಅವಳ ಮೈಯೆಲ್ಲಾ ಹೊಂಗೆಣ್ಣೆ ನಾರ್ತೈತೆ ಕಣಮ್ಮಿ. ಕಜ್ಜಿ ಇಲ್ದೋರು ಯಾರಾನ ಅದನ್ನ ಹಚ್ಕಂತಾರಾ?"

ನಮ್ಮ ಆಟದ ಐದು ಕಲ್ಲುಗಳನ್ನೂ ಅಜ್ಜಿ ಬೇವಿನ ಸೊಪ್ಪಿನ ಜೊತೆ ಮಡಕೆಯಲ್ಲಿ ಹಾಕಿ ಬೇಯಿಸಿದಳು. ಮಾರನೆಯ ದಿನ ನಂಜಿ ಬಂದಾಗ ಜಗಲಿ ಹತ್ತಗೊಡಲಿಲ್ಲ. ನಂಜಿ ಬೀದಿಯಲ್ಲೇ ನಿಂತು ಕೈ ಚಾಚಿದಳು.

"ನೋಡವ್ವಾ, ಏನೂ ಇಲ್ಲ."

"ನೋಡೋದೇನು, ಮೂಸಿದ್ರೆ ಸಾಕು. ಓಗು ಮನೀಗೆ."

ಕೈ ಚೊಕ್ಕಟವಾಗಿಯೇ ಇತ್ತು. ಆದರೂ ನನಗೆ ಅನುಮಾನ ಹತ್ತಿತು. ಅಜ್ಜಿಯ ಕಣ್ಣು ತಪ್ಪಿಸಿ ಹಿತ್ತಲಲ್ಲಿ ಆಡುವಾಗ ಕಲ್ಲು ಬಿಟ್ಟು ಅವಳ ಮೊಣಕೈ, ಕತ್ತು, ಲಂಗದ ಅಂಚು ನೋಡುತ್ತಿದ್ದೆ.

"ಏನಮ್ಮಿ, ನೀನೂ ಕಜ್ಜಿ ಉಡುಕ್ತಿದೀಯಾ?" ಎಂದು ನಕ್ಕಳು ನಂಜಿ. ನಾನು ನಗಲಿಲ್ಲ. ಅವಳೂ ನಗುವುದನ್ನು ನಿಲ್ಲಿಸಿ ಎದ್ದು ಹೋದಳು, ಮತ್ತೆ ಬರಲಿಲ್ಲ.

ಆದರೆ ನಾನು ಇನ್ನೊಂದನ್ನೂ ನೋಡಿದ್ದೆ. ರಾಗಿ ಕೇರುವಾಗ ಅಜ್ಜಿ ಆಗಾಗ ಕೆಲಸ ನಿಲ್ಲಿಸಿ, ಬೆರಳ ಸಂದನ್ನು ಮೊರದ ಅಂಚಿಗೆ ಉಜ್ಜುತ್ತಿದ್ದಳು. ನೋಡಿದ್ದೆ, ಯಾರಿಗೂ ಹೇಳಿರಲಿಲ್ಲ.

ನಂಜಿ ಬರುವುದು ನಿಂತರೂ ಕಜ್ಜಿ ನಿಲ್ಲಲಿಲ್ಲ. ತಮ್ಮನಿಗೂ ಹತ್ತಿತು. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಹೊಸೂರಿನಿಂದ ಪರಿಚಯದ ಕಂಪೌಂಡರನ್ನು ಕರೆತಂದರು. ಅವರು ನನ್ನ ಕೈ ನೋಡಿದರು, ತಮ್ಮನ ಕೈ ನೋಡಿದರು.

"ಮಕ್ಕಳು ಯಾರ ಮಗ್ಗುಲಲ್ಲಿ ಮಲಗೋದು?"

"ಅಜ್ಜಿ ಕಂಬಳೀಲಿ" ಎಂದ ತಮ್ಮ.

"ಪಾಟಿ, ನೀಂಗಳೂ ಕೈ ಕಾಟ್ಟುಂಗೊ" ಎಂದು ತಮಿಳಿನಲ್ಲಿ ಕೈ ತೋರಿಸಲು ಹೇಳಿ ಅವರು ಅಜ್ಜಿಯತ್ತ ಕೈ ಚಾಚಿದರು.

ಅಜ್ಜಿಯ ಕೈಗಳು ಸೆರಗಿನೊಳಗೆ ಸೇರಿದವು. "ನಂಗೇನಾಗೈತೆ? ವಯಸ್ಸಾದ ಚರ್ಮ, ಒಣಗೈತೆ" ಎಂದಳು. ಅಪ್ಪ ಸೆರಗು ಸರಿಸಿದರು.

ಬಟ್ಟೆ, ಕಂಬಳಿ ಎಲ್ಲ ಕುದಿಸಬೇಕು, ಮನೆಮಂದಿಯೆಲ್ಲ ಒಂದೇ ದಿನ ಮದ್ದು ಹಚ್ಚಿಕೊಳ್ಳಬೇಕು ಎಂದು ಹೇಳಿ ಕಂಪೌಂಡರು ಗಂಧಕದ ಪುಡಿ ಕೊಟ್ಟರು. ಅದನ್ನು ಕಲಸಬೇಕಾದದ್ದು ಹೊಂಗೆಎಣ್ಣೆಯಲ್ಲಿ. ಅದು ನಮ್ಮ ಮನೆಯಲ್ಲಿ ಇರಲಿಲ್ಲ. ಅಜ್ಜಿ ಗಿಂಡಿ ಕೊಟ್ಟು ನನ್ನನ್ನೇ ಕಳಿಸಿದಳು.

ನಂಜಿ ಒಳಗೆ ದೀಪದ ಬತ್ತಿ ಹೊಸೆಯುತ್ತಿದ್ದಳು. ಗೋಡೆಯ ಪಕ್ಕ ಎಣ್ಣೆ ಗಡಿಗೆ. ಗಿಂಡಿ ತುಂಬಿಸುತ್ತಾ ಅಂದಳು: "ನಿಮ್ಮಪ್ಪ ಕಚೇರಿಯಾಗೆ ಅವ್ರೆ, ನಿಮ್ಗೆ ಸೀಮೆಎಣ್ಣೆ ಸಿಗ್ತೈತೆ. ಈ ಯುದ್ಧದಾಗೆ ನಮ್ಗೆಲ್ಲೈತೆ? ದೀಪಕ್ಕೆ ಇದೇ. ದಿನಾ ನಾನೇ ಉಯ್ಯೋದು. ಕೈ ನಾರ್ದೆ ಇನ್ನೇನು?"

ಹಲವು ದಿನ ನಮ್ಮ ಮನೆಯಿಡೀ ನಂಜಿಯ ವಾಸನೆ. ಕಜ್ಜಿ ಹೋಯಿತು. ಅಜ್ಜಿ ತಾನೇ ಹೋಗಿ ಅವಳನ್ನು ಆಟಕ್ಕೆ ಕರೆದಳು. ನಂಜಿ ಬಂದಳು. ಆದರೆ ಕಲ್ಲು ಮುಟ್ಟುವ ಮೊದಲು, ಯಾರೂ ಕೇಳದಿದ್ದರೂ, ಬೆರಳುಗಳನ್ನು ಅಗಲಿಸಿ ನನ್ನ ಮುಂದೆ ಹಿಡಿಯುತ್ತಿದ್ದಳು, ದಿನವೂ. ಬೇಡ ಎನ್ನಬಹುದಿತ್ತು. ನಾನು ನೋಡುತ್ತಿದ್ದೆ.

ಈಗ ನಾನಿರುವ ಹಾಸ್ಟೆಲಿನಲ್ಲಿ ವಿದ್ಯುದ್ದೀಪ. ಯಾರ ಕೈಗೂ ಎಣ್ಣೆಯ ವಾಸನೆಯಿಲ್ಲ. ಒಮ್ಮೊಮ್ಮೆ ಗೆಳತಿಯರು ಹಿಂದಿನಿಂದ ಬಂದು ಕಣ್ಣು ಮುಚ್ಚುತ್ತಾರೆ. ಯಾರೆಂದು ಹೇಳಲು ನನಗೆ ಆಗುವುದಿಲ್ಲ. ಆ ಚಳಿಗಾಲದ ನಂತರ ನಂಜಿ ಒಮ್ಮೆಯೂ ನನ್ನ ಕಣ್ಣು ಮುಚ್ಚಲಿಲ್ಲ.