ಎಡಗಡೆ ಚಪ್ಪಟೆಯಾಗಿದ್ದ ಹಸಿರು ರವಿಕೆ

ಶಕುನ, ಸೂಚನೆ ಎಂದವರಿಗೆಲ್ಲ ನಾನು ಮುಖಕ್ಕೆ ಹೊಡೆದಂತೆ ಮಾತಾಡಿ ಬಾಯಿ ಮುಚ್ಚಿಸುತ್ತಿದ್ದೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ನಡೆದದ್ದನ್ನಷ್ಟೇ ಬರೆಯುತ್ತೇನೆ, ನೀವು ಏನು ಬೇಕಾದರೂ ಅಂದುಕೊಳ್ಳಿ.

ಎಂಬತ್ತರ ದಶಕ. ಅಮೆರಿಕದ ಸನಿವೇಲ್‌ನ ಅಪಾರ್ಟ್‌ಮೆಂಟಿನಲ್ಲಿ ನಾನು, ನನ್ನ ಗಂಡ, ಇನ್ನೂ ಎದೆಹಾಲು ಬಿಡದ ಮಗಳು. ಅವಳ ಮೊದಲ ಹುಟ್ಟುಹಬ್ಬಕ್ಕೆಂದು ಅಮ್ಮ ಮಂಡ್ಯದಿಂದ ಹಸಿರು ರೇಷ್ಮೆ ಸೀರೆಯನ್ನೂ ಹೊಲಿಸಿದ ರವಿಕೆಯನ್ನೂ ಕಳಿಸಿದ್ದಳು. ಅಳತೆ ರವಿಕೆಯನ್ನು ನಾನೇ ಕಳಿಸಿಕೊಟ್ಟಿದ್ದೆ.

ತೊಟ್ಟು ನೋಡಿದರೆ ಬಲಗಡೆ ಸರಿಯಾಗಿತ್ತು, ಎಡಗಡೆ ಎದೆಯ ಜಾಗ ಹಲಗೆಯಂತೆ ಚಪ್ಪಟೆ. ಟೈಲರನ್ನು ಬೈಯುತ್ತ, ಹೇಗಾದರೂ ಹುಕ್ಸು ಹಾಕೋಣವೆಂದು ಎಡಮೊಲೆಯನ್ನು ಅಂಗೈಯಿಂದ ಒತ್ತಿ ಹಿಡಿದೆ. ಕೈಗೆ ಗಂಟು ಸಿಕ್ಕಿತು.

ಲಾಸ್ ಆಲ್ಟೋಸ್‌ನ ಡಾಕ್ಟರು ನಕ್ಕರು. ಹಾಲು ಕಟ್ಟಿದೆ ಅಷ್ಟೆ, ಈ ವಯಸ್ಸಿಗೆ ಅದೆಲ್ಲ ಬರುವುದಿಲ್ಲ, ಆರು ತಿಂಗಳು ಬಿಟ್ಟು ಬನ್ನಿ ಎಂದರು. ಗಂಡ ಆಗಲೇ ಕಾರಿನ ಕೀ ತೆಗೆದಿದ್ದರು.

"ಬಾರೇ, ಡಾಕ್ಟರ್‌ಗೆ ಗೊತ್ತಿರಲ್ವಾ?"

ನನಗೆ ಮೈಯೆಲ್ಲ ಉರಿಯಿತು. ಮೈ ನನ್ನದು, ಗಂಟು ನನ್ನದು, ಗೊತ್ತಿರುವುದು ಮಾತ್ರ ಅವರಿಗೆ! ರವಿಕೆಯ ಕಥೆ ಹೇಳಿದರೆ ಹುಚ್ಚಿ ಎನ್ನುತ್ತಿದ್ದರು, ಹೇಳಲಿಲ್ಲ. ಟೆಸ್ಟ್ ಬರೆದುಕೊಡುವ ತನಕ ಏಳುವುದಿಲ್ಲವೆಂದು ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲೇ ಕೂತೆ. ಪೀಡೆ ತೊಲಗಲಿ ಎಂಬಂತೆ ಬರೆದುಕೊಟ್ಟರು.

ಕ್ಯಾನ್ಸರೇ. ಎಡಮೊಲೆ ತೆಗೆದರು. ಆರು ತಿಂಗಳು ಕಾದಿದ್ದರೆ ಕೈ ಮೀರಿಹೋಗುತ್ತಿತ್ತು ಎಂದು ಸರ್ಜನ್ ಹೇಳಿದರು. ಮೊದಲ ಡಾಕ್ಟರಿಂದ ಕ್ಷಮೆಯ ಒಂದು ಸಾಲೂ ಬರಲಿಲ್ಲ. ಅವರ ಮೇಲಿನ ಸಿಟ್ಟು ಇನ್ನೂ ಆರಿಲ್ಲ, ನಾನು ಆರಲು ಬಿಟ್ಟೂ ಇಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮನಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿ, ಟೈಲರ್ ಯಾಕೆ ಹಾಗೆ ಹೊಲಿದನೆಂದು ಕೇಳಿದೆ.

"ಅದಕ್ಕೆ ಹುಕ್ಸು ಹೊಲಿದಿದ್ದೇ ನಾನು ಕಣೇ. ಎರಡೂ ಕಡೆ ಒಂದೇ ಸಮ ಇತ್ತು. ನಾನೇ ಇಸ್ತ್ರಿ ಮಾಡಿ ಮಡಿಸಿದ್ದೀನಿ."

ದೇವರೇ ಕಾಪಾಡಿದ ಎಂದು ಅತ್ತಳು. ನನಗೆ ರೇಗಿತು. ಕಾಪಾಡುವವನು ಗಂಟನ್ನೇ ತೆಗೆಯಬಹುದಿತ್ತಲ್ಲ, ರವಿಕೆ ಕೆಡಿಸುವ ಕೆಲಸ ಯಾಕೆ?

ಮಗಳ ಎರಡನೆಯ ಹುಟ್ಟುಹಬ್ಬಕ್ಕೆ ಅದನ್ನೇ ತೊಟ್ಟೆ. ಒಳಗೆ ಸ್ಪಂಜು ಗಿಂಜು ಏನೂ ಇಟ್ಟುಕೊಳ್ಳಲಿಲ್ಲ. ಹುಕ್ಸು ಸಲೀಸಾಗಿ ಬಿದ್ದವು, ಎಡಗಡೆ ಒಂದು ಸುಕ್ಕೂ ಇಲ್ಲ. ಕನ್ನಡಿಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈದೆ. ಯಾರನ್ನು ಬೈದೆನೋ, ಇವತ್ತಿಗೂ ಗೊತ್ತಿಲ್ಲ.