ಒಂದಕ್ಕೊಂದು ಕಾಣದ ನಾಲ್ಕು ಕಂಪ್ಯೂಟರ್

ಸಿಕ್ಕಿತು! ನನ್ನ ಮೊಮ್ಮಗಳ ಕಂಪ್ಯೂಟರ್ ತರಗತಿಗೆ ಪರೀಕ್ಷಾ ಕೇಂದ್ರದ ಮಂಜೂರಾತಿ ಸಿಕ್ಕಿತು. ಬೆಳಗಾವಿಯಿಂದ ಬಂದ ಸಾಹೇಬರು ಗುರುವಾರ ಮಧ್ಯಾಹ್ನ ನನ್ನ ಕಣ್ಣೆದುರಿಗೇ ಸಹಿ ಹಾಕಿದರು. ಆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ನಾನು ಓಣಿಯ ಈ ತುದಿಯಿಂದ ಆ ತುದಿಯವರೆಗೆ ತೋರಿಸಿಕೊಂಡು ಬಂದೆ. ಅದರಲ್ಲಿ ಬರೆದದ್ದು ನನಗೆ ಓದಲು ಬರುವುದಿಲ್ಲ, ಇಂಗ್ಲಿಷಿನಲ್ಲಿದೆ. ಇಂಗ್ಲಿಷ್ ಓದಲು ಬರುವವರು ಈ ಹದಿನೈದು ದಿನ ಏನು ಕಡಿದು ಕಟ್ಟೆ ಹಾಕಿದರು ಎಂಬುದನ್ನೇ ಈಗ ಹೇಳುತ್ತೇನೆ.

ನಮ್ಮದು ಖಾನಾಪುರ. ನನ್ನ ಮಗ ಪಂಪಿನ ಮೋಟಾರಿಗೆ ತಂತಿ ಸುತ್ತುವ ಕೆಲಸದವನು. ಮನೆಯ ಮುಂದಿನ ಕೋಣೆಯಲ್ಲಿ ಅವನ ಸುಟ್ಟ ಮೋಟಾರುಗಳು ಇಪ್ಪತ್ತು ವರ್ಷ ಬಿದ್ದುಕೊಂಡಿದ್ದವು. ಅವನ ಮಗಳು, ಅಂದರೆ ನನ್ನ ಮೊಮ್ಮಗಳು, ನಾಲ್ಕು ವರ್ಷ ದಿನಾ ಬೆಳಗಾವಿಗೆ ಹೋಗಿ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ದುಡಿದಳು. ಕಡೆಗೆ ಆ ಮೋಟಾರುಗಳನ್ನೆಲ್ಲ ಹಿತ್ತಿಲಿಗೆ ಸಾಗಿಸಿ, ಗೋಡೆಗೆ ಸುಣ್ಣ ಹೊಡೆಸಿ, ನಾಲ್ಕು ಕಂಪ್ಯೂಟರ್ ತಂದು ಅಲ್ಲಿ ತರಗತಿ ತೆರೆದಳು. ಪಾರಿಶ್ವಾಡದ ಕಡೆಯಿಂದ, ಸುತ್ತಲಿನ ಹಳ್ಳಿಗಳಿಂದ ಹನ್ನೊಂದು ಹುಡುಗಿಯರು ಬಂದು ಸೇರಿದರು. ಅವರೆಲ್ಲ ಬಂದದ್ದು ಒಂದೇ ಮಾತಿನ ಮೇಲೆ: ಪರೀಕ್ಷೆಯೂ ಇಲ್ಲೇ ಆಗುತ್ತದೆ, ಬೆಳಗಾವಿಗೆ ಎರಡು ಬಸ್ಸು ಬದಲಿಸಿ ಹೋಗಬೇಕಿಲ್ಲ. ಬಸ್ಸು ತಪ್ಪಿ ಪರೀಕ್ಷೆ ತಪ್ಪಿಸಿಕೊಂಡ ಹುಡುಗಿಯರು ಅವರೊಳಗೇ ಇಬ್ಬರಿದ್ದರು.

ಆದರೆ ಪರೀಕ್ಷೆಗೆ ಒಂದು ಕಟ್ಟಳೆ. ದೊಡ್ಡ ಕಂಪ್ಯೂಟರಿನಿಂದ ಪ್ರಶ್ನೆಪತ್ರಿಕೆ ತಂತಿಯ ಮೂಲಕ ಉಳಿದ ಮೂರಕ್ಕೆ ಹೋಗಬೇಕು, ಉತ್ತರ ಅದೇ ತಂತಿಯಲ್ಲಿ ಹಿಂದಕ್ಕೆ ಬರಬೇಕು. ಸಾಹೇಬರು ಬಂದು ಕಣ್ಣಾರೆ ನೋಡುತ್ತಾರೆ. ಆಗದಿದ್ದರೆ ಈ ವರ್ಷ ಕೇಂದ್ರವಿಲ್ಲ. ನಮ್ಮ ಮನೆಯ ನಾಲ್ಕೂ ಕಂಪ್ಯೂಟರುಗಳೋ, ಒಂದರ ಮುಖ ಒಂದು ನೋಡಲೊಲ್ಲವು. ಒಂದೊಂದೂ ತನ್ನನ್ನು ತಾನೇ ನೋಡಿಕೊಂಡು ಕುಳಿತಿತ್ತು, ಮದುವೆಯಲ್ಲಿ ಸಿಟ್ಟಾಗಿ ಕುಳಿತ ಬೀಗರ ಹಾಗೆ.

ಮೊದಲು ಬಂದವನು ಪೇಟೆಯ ಝೆರಾಕ್ಸ್ ಅಂಗಡಿಯವನು. ಕರೆದಿರಲಿಲ್ಲ, ತಾನಾಗಿ ಬಂದ. ಮರಾಠಿ ಮನುಷ್ಯ, ನನ್ನ ಹತ್ತಿರ ಯಾವಾಗಲೂ ಮರಾಠಿಯಲ್ಲೇ ಮಾತು. ಕುರ್ಚಿಯಲ್ಲಿ ಕುಳಿತು, ಎರಡು ಸಲ ಮೂಗು ಏರಿಸಿ, "ಆಜಿ, ವೈರಸ್ ಆಹೆ" ಎಂದ. ವೈರಸ್ ಐತಿ ಎಂದು.

"ಎಲ್ಲೈತಪ್ಪ, ತೋರಿಸು" ಎಂದೆ.

"ತೇ ದಿಸತ್ ನಾಹಿ, ಆಜಿ." ಅದು ಕಾಣುವುದಿಲ್ಲವಂತೆ.

ಕಾಣದ್ದನ್ನು ಇವನು ಹೇಗೆ ಕಂಡ? ಚಹಾ ಕುಡಿದು, ಬಿಸ್ಕೀಟು ಮುಗಿಸಿ, ಎರಡು ದಿನ ಕಂಪ್ಯೂಟರ್ ಆರಿಸಿ ಇಡಿ, ತಾನೇ ಸಾಯುತ್ತದೆ ಎಂದು ಹೇಳಿ ಹೋದ. ತಿಗಣೆ ಕೂಡ ಎರಡು ದಿನಕ್ಕೆ ಸಾಯುವುದಿಲ್ಲ.

ಆಮೇಲೆ ಬಂದವನು ನಿಜವಾದ ದೊಡ್ಡ ಮನುಷ್ಯ. ಬೆಳಗಾವಿಯ ಮಹಾಂತೇಶ ನಗರದವನು, ನನ್ನ ಮೊಮ್ಮಗಳು ದುಡಿದ ಅಂಗಡಿಗೆ ಇವನೇ ಮುಖ್ಯ ತಂತ್ರಜ್ಞ. ಕೊರಳಿಗೆ ಟೈ, ಸೊಂಟಕ್ಕೆ ಸ್ಕ್ರೂಡ್ರೈವರಿನ ಚೀಲ. ನಾಲ್ಕು ವರ್ಷ ಇವಳನ್ನು ಬಿಲ್ಲು ಬರೆಯಲು ಕೂರಿಸಿ, ತಂತಿಯ ಕೆಲಸ ಹೆಣ್ಣುಮಕ್ಕಳದಲ್ಲ ಎಂದು ಹೇಳಿದವನೂ ಇವನೇ. ಬೇರೆ ದಾರಿ ಇಲ್ಲದೆ ಅವಳು ಅವನನ್ನೇ ಕರೆಸಿದಳು.

"ನಾ ಹೇಳಿರಲಿಲ್ಲೇನವಾ? ಇದು ನಿನ್ನ ಕೈಲೇ ಆಗೂದಲ್ಲ ಅಂತ" ಎಂದು ಹೊಸ್ತಿಲು ದಾಟುವ ಮೊದಲೇ ಅಂದ.

ಅವಳು ಕುರ್ಚಿ ಎಳೆದು ಕೊಟ್ಟಳು. ನಾನು ಅಂದೆ: "ಕುಂದರ್ರಿ ಸಾಹೇಬ್ರ. ನಿಮ್ಮ ಕೈಲೇ ಏನಕ್ಕೇತಿ ನೋಡೂಣಂತ."

ಅವನ ಕೈಲಿ ಆದದ್ದು ಇಷ್ಟು. ಮೊದಲ ದಿನ ತಂತಿ ಕೆಟ್ಟಿದೆ ಎಂದು ಎಲ್ಲ ತಂತಿ ಬದಲಿಸಿದ. ಕಂಪ್ಯೂಟರುಗಳು ಒಂದನ್ನೊಂದು ನೋಡಲಿಲ್ಲ. ಎರಡು ದಿನ ಬಿಟ್ಟು ಬಂದು, ಎಲ್ಲ ತಂತಿಗಳೂ ಬಂದು ಕೂಡುವ ಸಣ್ಣ ಪೆಟ್ಟಿಗೆ ಕೆಟ್ಟಿದೆ ಎಂದು ಹೊಸ ಪೆಟ್ಟಿಗೆ ಹಾಕಿದ. ಅದರ ಹಸಿರು ದೀಪಗಳು ಚೆಂದಾಗಿ ಮಿನುಗಿದವು, ಕಂಪ್ಯೂಟರುಗಳು ನೋಡಲಿಲ್ಲ. ಮೂರನೇ ಸಲ ಬಂದಾಗ ಖಾನಾಪುರದ ಕರೆಂಟೇ ಸರಿಯಿಲ್ಲ ಎಂದ. ಅದೇ ಕರೆಂಟಿನ ಮೇಲೆ ನನ್ನ ಮಗ ಅರ್ಧ ತಾಲೂಕಿನ ಪಂಪು ನಡೆಸಿದ್ದಾನೆ! ನಾನು ಅದನ್ನು ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು. ಅವನ ಕಣ್ಣು ಕಂಪ್ಯೂಟರಿನ ಹಣೆಯ ಮೇಲೆ ಬಿತ್ತು.

"ಇದೇನ್ರಿ, ವಿಭೂತಿ?"

"ಪೂಜಾ ಮಾಡೇವಲ್ರಿ. ಹೊಸಾ ಸಾಮಾನು ಬಂದ್ರ ಮಾಡೂದಿಲ್ಲೇನು?"

"ಅಲ್ಲೇ ಕೆಟ್ಟೈತಿ ನೋಡ್ರಿ! ಬೂದಿ ಒಳಗ ಹೋಗೇತಿ. ಆಯಿಗೋಳು ಬೂದಿ ಬಡಿಯೂದು, ನಾವು ಬಂದು ಒರಸೂದು. ನಾಲ್ಕೂ ಬಿಚ್ಚಿ ನಮ್ಮ ಅಂಗಡಿಗೆ ಕಳಸ್ರಿ, ಒಂದು ತಿಂಗಳು ಬೇಕು."

ಸಾಹೇಬರು ಬರಲು ಉಳಿದದ್ದು ಮೂರು ದಿನ. ಇವನು ಕೇಳಿದ್ದು ತಿಂಗಳು.

ಅವನು ಹೋದ ಮೇಲೆ ಸೊಸೆ ಒದ್ದೆ ಬಟ್ಟೆ ತಂದು ನಾಲ್ಕರ ಹಣೆಯನ್ನೂ ಒರೆಸಿದಳು. ಬೈದಿದ್ದರೂ ನನಗೆ ಇಷ್ಟು ಚುಚ್ಚುತ್ತಿರಲಿಲ್ಲ. ಅದಾದ ಮೇಲೆ ಎರಡು ದಿನ ನಾನು ಆ ಕೋಣೆಗೆ ಕಾಲಿಡಲಿಲ್ಲ. ಲಿಂಗಪೂಜೆಗೆ ಕುಳಿತಾಗಲೂ ಅದೇ ಯೋಚನೆ. ವಿಭೂತಿ ಎಳೆದ ನನ್ನ ಮೂರು ಬೆರಳು ಆ ಹುಡುಗಿಯ ನಾಲ್ಕು ವರ್ಷದ ದುಡಿತವನ್ನು ತಿಂದವೇ? ಈಗ ನಗು ಬರುತ್ತದೆ. ಒಬ್ಬ ಟೈ ಕಟ್ಟಿದ ಮಡ್ಡನ ಮಾತು ನಂಬಿ ಎರಡು ದಿನ ಸಂಕಟಪಟ್ಟೆನಲ್ಲ, ಆ ಎರಡು ದಿನ ಅವನು ನನಗೆ ತಿರುಗಿ ಕೊಡುತ್ತಾನೆಯೆ?

ಬುಧವಾರ ಬೆಳಿಗ್ಗೆ ಮೊಮ್ಮಗಳು ಹೊರಗೆ ಬರಲೇ ಇಲ್ಲ. ನಾನೇ ಚಹಾ ಹಿಡಿದು ಒಳಗೆ ಹೋದೆ. ಗದ್ದಕ್ಕೆ ಕೈ ಕೊಟ್ಟು ಕುಳಿತಿದ್ದಳು. ನಾಲ್ಕು ಪರದೆಯಲ್ಲೂ ಒಂದೇ ಥರದ ಬಿಳಿ ಚೌಕ ತೆರೆದಿಟ್ಟಿದ್ದಳು.

"ಆಯಿ, ಸಾಹೇಬ್ರಿಗೆ ಬರಬ್ಯಾಡ್ರಿ ಅಂತ ಫೋನ್ ಮಾಡತೀನಿ" ಎಂದಳು. ನನ್ನನ್ನು ಅವಳು ಆಯಿ ಎಂದೇ ಕರೆಯುವುದು. "ಆ ಹುಡಿಗ್ಯಾರಿಗೆ ಏನಂತ ಹೇಳಲಿ?"

ನಾನು ಚಹಾ ಅವಳ ಕೈಗಿಟ್ಟು ಪರದೆಯ ಕಡೆ ಬಗ್ಗಿದೆ. ಓದಿದ್ದು ಕನ್ನಡ ಮೂರನೇ ಇಯತ್ತೆ. ಇಂಗ್ಲಿಷ್ ಅಕ್ಷರ ನನಗೆ ರಂಗೋಲಿಯ ಎಳೆ ಇದ್ದ ಹಾಗೆ, ಅರ್ಥವಾಗುವುದಿಲ್ಲ, ಗೆರೆ ಮಾತ್ರ ಕಾಣುತ್ತದೆ. ಚೌಕದೊಳಗೆ ಒಂದು ಸಣ್ಣ ಕಂಪ್ಯೂಟರಿನ ಚಿತ್ರ, ಅದರ ಕೆಳಗೆ ಒಂದು ಹೆಸರು. ಬಾಜೂದರಲ್ಲೂ ಅದೇ ಗೆರೆ, ಅದೇ ಸೊಟ್ಟ. ಆಚೆಯದರಲ್ಲೂ.

"ಇದೇನ ಬರದೈತಿ?"

"ಅದು ಈ ಕಂಪ್ಯೂಟರಿನ ಹೆಸರು ಆಯಿ. ನಮ್ಮ ಮನಿದೇವರ ಹೆಸರು ಇಟ್ಟಾನ ಅಪ್ಪ."

"ಆ ಬಾಜೂದಕ್ಕ?"

"ಅದಕ್ಕೂ ಮನಿದೇವರದ."

"ಮತ್ತ ನಾಲ್ಕಕ್ಕೂ ಒಂದ ಹೆಸರು ಇಟ್ಟು, ಯಾವುದನ್ನ ಕರೀತೀರಿ, ಯಾವುದು ಓ ಅನಬೇಕು?"

ಅವಳು ನಕ್ಕಳು, ಸುಮ್ಮನೆ, ಮುದುಕಿಯ ಮಾತಿಗೆ ನಗುವ ಹಾಗೆ. ನಾನು ಬಿಡಲಿಲ್ಲ. ನಾನು ಪಾರಿಶ್ವಾಡಕ್ಕೆ ಸೊಸೆಯಾಗಿ ಹೋದಾಗ ಆ ಮನೆಯಲ್ಲಿ ನನ್ನ ಮಾವನೂ ಸೇರಿ ಅಣ್ಣತಮ್ಮಂದಿರು ನಾಲ್ವರು, ನಾಲ್ವರ ಹಿರಿಮಕ್ಕಳಿಗೂ ತೀರಿಕೊಂಡ ಮುತ್ತಜ್ಜನ ಹೆಸರೇ. ನಮ್ಮ ಕಡೆಯ ಪದ್ಧತಿ ಅದು, ಹಿರಿಯರ ಹೆಸರು ಒಬ್ಬರಿಗೆ ಇಟ್ಟು ಇನ್ನೊಬ್ಬರಿಗೆ ಬಿಟ್ಟರೆ ಹಿರಿಯರು ಮುನಿಯುತ್ತಾರೆ. ನನ್ನ ಗಂಡ ಆ ಒಂದೇ ಹೆಸರಿನ ನಾಲ್ವರಲ್ಲಿ ಒಬ್ಬ. ಅತ್ತೆ ಪಡಸಾಲೆಯಲ್ಲಿ ನಿಂತು ಹೆಸರು ಹಿಡಿದು ಕೂಗಿದರೆ, ನನ್ನನ್ನಲ್ಲ, ಅವನನ್ನು ಕರೆದದ್ದು ಎಂದು ನಾಲ್ವರೂ ಅಲ್ಲೇ ಕುಳಿತಿರುತ್ತಿದ್ದರು. ಆಮೇಲೆ ಅತ್ತೆ ಸೋತು ಕರ್ಯಾ, ಕೆಂಪ್ಯಾ, ಉದ್ದ್ಯಾ, ಹಲ್ಲ್ಯಾ ಎಂದು ಕರೆಯತೊಡಗಿದರು. ಆಗ ಮನೆ ನಡೆಯಿತು.

ನಾನು ಇದನ್ನು ಹೇಳುತ್ತಿದ್ದ ಹಾಗೆ ಹುಡುಗಿಯ ನಗು ನಿಂತಿತು. ಲೋಟ ಟೇಬಲ್ಲಿನ ಮೇಲೆ ಕುಕ್ಕಿದಳು, ಚಹಾ ತುಳುಕಿತು.

"ಅಯ್ಯೋ ಆಯಿ! ದಿನಾ ನೋಡೇನಿ ಈ ಹೆಸರು. ತನ್ನ ಹೆಸರ ತಾನ ತೋರಸಾಕತ್ತೈತಿ ಅನಕೊಂಡು ಬಿಟ್ಟೇನಿ!"

ಒಂದೇ ತಂತಿಯ ಮೇಲೆ ಎರಡಕ್ಕೆ ಒಂದೇ ಹೆಸರಿರಬಾರದಂತೆ. ಇದ್ದರೆ ಒಂದು ಇನ್ನೊಂದನ್ನು ಕರೆದಾಗ ತನ್ನನ್ನೇ ಕರೆದುಕೊಂಡ ಹಾಗಾಗುತ್ತದಂತೆ. ಇದು ಪುಸ್ತಕದಲ್ಲೇ ಇದೆಯಂತೆ. ಹಾಗಾದರೆ ಆ ಟೈ ಕಟ್ಟಿದವನು ಓದಿದ ಪುಸ್ತಕ ಯಾವುದು? ಅವನೂ ಆ ಹೆಸರನ್ನು ಮೂರು ದಿನ ಓದಿದ. ಓದಲು ಬರುತ್ತದೆ ಎಂಬ ಸೊಕ್ಕಿನಲ್ಲಿ ಓದಿ ಮುಂದೆ ಹೋದ.

"ಕರಿ ನಿಮ್ಮಪ್ಪನ್ನ" ಎಂದೆ.

ಮಗ ಕೈಗೆ ಗ್ರೀಸ್ ಮೆತ್ತಿಕೊಂಡು ಬಂದ. ಪೂಜೆಯ ದಿನ ಮೊಮ್ಮಗಳು ಬಂದವರಿಗೆ ಚಹಾ ಕೊಡುತ್ತಿದ್ದಾಗ, ಯಂತ್ರ ಹೆಸರು ಕೇಳಿತಂತೆ, ಇವನು ಒಂದೇ ಬೆರಳಿನಲ್ಲಿ ಕುಟ್ಟಿ ಕೊಟ್ಟನಂತೆ. ನಾಲ್ಕು ಸಲ.

"ನಾಲ್ಕಕ್ಕೂ ಯಾಕೋ ಇಟ್ಟಿ?"

"ಮತ್ತೇನವ್ವ, ಒಂದಕ್ಕ ದೇವರ ಹೆಸರು ಇಟ್ಟು ಉಳದಿದ್ದಕ್ಕ ಬಿಡಾಕ ಬರ್ತೈತೇನು?"

"ನಿನ್ನ ಪಂಪಿಗೆಲ್ಲಾ ಒಂದ ನಂಬರ್ ಬರೀತೀಯೇನು?"

"ಅದು ಬ್ಯಾರೆ. ಗಿರಾಕಿ ಗದ್ದಲ ಮಾಡತಾರ."

"ಇವೂ ಹದಿನೈದು ದಿನದಿಂದ ಗದ್ದಲ ಮಾಡಾಕತ್ತಾವಲ್ಲೋ! ನಿನ್ನ ಬುದ್ಧಿಗೆ ಯಾರ ತಂತಿ ಸುತ್ಯಾರ?"

ಆದರೂ ದೇವರ ಹೆಸರು ತೆಗೆಯಲು ಅವನು ಒಪ್ಪಲೊಲ್ಲ. ಐವತ್ತರ ಮನುಷ್ಯ, ಕಂಪ್ಯೂಟರಿಗೆ ಅಡ್ಡ ನಿಂತ! ಕಡೆಗೆ ನಾನೇ ನ್ಯಾಯ ಹರಿದೆ. ದೊಡ್ಡದಕ್ಕೆ ದೇವರು ಇರಲಿ. ಎರಡನೆಯದಕ್ಕೆ ನಾನು ಬಾಳಿದ ಪಾರಿಶ್ವಾಡ, ಮೂರನೆಯದಕ್ಕೆ ನನ್ನ ಮಗಳನ್ನು ಕೊಟ್ಟ ಪೀರನವಾಡಿ, ನಾಲ್ಕನೆಯದಕ್ಕೆ ನನ್ನ ತವರು ನಂದಗಡ. ಮೊಮ್ಮಗಳು ಮೂರಕ್ಕೂ ಹೆಸರು ಬದಲಿಸಿ, ಆರಿಸಿ, ಹಚ್ಚಿದಳು. ಬಿಳಿ ಚೌಕದಲ್ಲಿ ಒಂದರ ಪಕ್ಕ ಒಂದು, ನಾಲ್ಕು ಚಿತ್ರ ಮೂಡಿದವು. ನಾಲ್ಕು ಬೇರೆ ಬೇರೆ ಗೆರೆ. ಅವಳು ನನ್ನನ್ನು ಹಿಡಿದು ತಿರುಗಿಸಿದ ರಭಸಕ್ಕೆ ನನ್ನ ಸೆರಗು ತಂತಿಗೆ ಸಿಕ್ಕಿ, ಎಲ್ಲ ಕಿತ್ತು ಬರುವುದರಲ್ಲಿತ್ತು. ಮೊದಲು ನಾನು ಮಾಡಿದ ಕೆಲಸವೆಂದರೆ ದೇವರ ಕೋಣೆಗೆ ಹೋಗಿ ವಿಭೂತಿ ಗಟ್ಟಿ ತಂದದ್ದು. ಈ ಸಲ ಮೂರು ಬೆರಳು ಒತ್ತಿಯೇ ಎಳೆದೆ. ಸೊಸೆ ನೋಡುತ್ತ ನಿಂತಿದ್ದಳು, ಕೈಯಲ್ಲಿ ಬಟ್ಟೆ ಇರಲಿಲ್ಲ.

ಗುರುವಾರ ಸಾಹೇಬರು ಬಂದರು. ಮೂರು ಹುಡುಗಿಯರು ಮೂರು ಕಂಪ್ಯೂಟರಿನ ಮುಂದೆ ಕುಳಿತರು. ಬಸ್ಸು ತಪ್ಪಿಸಿಕೊಂಡ ಇಬ್ಬರನ್ನೂ ಮೊಮ್ಮಗಳು ಬೇಕೆಂದೇ ಕೂರಿಸಿದ್ದಳು. ಪತ್ರಿಕೆ ಹೋಯಿತು, ಉತ್ತರ ಬಂತು. ಸಾಹೇಬರು ಇನ್ನೊಂದು ಸಲ ಮಾಡಿಸಿದರು, ಮತ್ತೆ ಹೋಯಿತು, ಮತ್ತೆ ಬಂತು. ಸಹಿ ಬಿತ್ತು.

ಅದೇ ಹೊತ್ತಿಗೆ ಮಹಾಂತೇಶ ನಗರದವನ ಫೋನು. ಕಂಪ್ಯೂಟರ್ ಯಾವಾಗ ಕಳಿಸುತ್ತೀರಿ ಎಂದು. ಮೊಮ್ಮಗಳು ಆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದಳು.

"ಹೆಸರಂದೇನು? ನನಗ ಮೊದಲ ಡೌಟ್ ಇತ್ತವಾ" ಎಂದ.

ಫೋನು ನಾನು ಕಸಿದುಕೊಂಡೆ. "ಡೌಟ್ ಇತ್ತಂದ್ರ ಬೂದಿ ಮ್ಯಾಲೆ ಯಾಕ ಹಾಕಿದ್ರಿ? ನಿಮಗೇನರ ಹೆಸರು ಇಡೂದಿದ್ರ ಬರ್ರಿ ಸಾಹೇಬ್ರ, ನಾ ಇಡತೀನಿ, ಚೊಲೋದೊಂದು." ಅವನು ಫೋನು ಇಟ್ಟುಬಿಟ್ಟ. ಝೆರಾಕ್ಸಿನವನು ಮಾತ್ರ ಸಂಜೆ ಬಾಗಿಲಿಗೆ ಬಂದು, ಎರಡು ದಿನ ಆರಿಸಿ ಇಟ್ಟಿದ್ದಕ್ಕೇ ಸರಿಹೋಯಿತು ಎಂದ. ಇಂಥವರಿಗೆ ಉತ್ತರ ಕೊಟ್ಟರೆ ಬಾಯಿ ಹೊಲಸು.

ಆ ಸಂಜೆ ಸೊಸೆ ಗೋಧಿ ಬೆಲ್ಲದ ಮಾದಲಿ ಮಾಡಿದಳು. ಪೀರನವಾಡಿಯಿಂದ ಮಗಳು, ಅಳಿಯ, ಮಕ್ಕಳು ಬಂದರು. ನಮ್ಮ ಮನೆಯಲ್ಲಿ ಗಂಡಸರು ಮೊದಲು, ಬಡಿಸಿದವರು ಕಡೆಗೆ. ಆ ದಿನ ಮೊಮ್ಮಗಳು ಎಲ್ಲರ ತಾಟನ್ನೂ ಒಟ್ಟಿಗೇ ಹಾಕಿದಳು, ಪಾತ್ರೆಗಳನ್ನು ನಡುವೆ ಇಟ್ಟಳು. ಒಂಬತ್ತು ಜನ ಸುತ್ತಲೂ ಕುಳಿತೆವು. ಬದನೆಕಾಯಿ ಎಣ್ಣೆಗಾಯಿ, ಗರಿಗರಿ ಕಟಿ ರೊಟ್ಟಿ, ಖಾನಾಪುರದ ಅಕ್ಕಿಯ ಅನ್ನ. ಮಗ ತಲೆ ತಗ್ಗಿಸಿ ತಿನ್ನುತ್ತಿದ್ದ.

"ತಲಿ ಎತ್ತಿ ಉಣ್ಣೋ" ಎಂದೆ. "ನಿನ್ನ ಮಗಳು ಕೇಂದ್ರ ತಂದಾಳ."

ಅವನು ತಲೆ ಎತ್ತಿದ. ಮಗಳ ತಾಟಿಗೆ ಮಾದಲಿ ಹಾಕಿ, ಬಿಸಿ ಹಾಲು ಸುರಿದು, ತುಪ್ಪದ ಚಮಚ ಅವಳು ಸಾಕು ಸಾಕು ಎನ್ನುತ್ತಿದ್ದರೂ ಬಗ್ಗಿಸುತ್ತಲೇ ಇದ್ದ.