ಬೈರಾಸಿನ ಅಡಿಯ ಪಾಸ್‌ವರ್ಡ್

ಇಂಟರ್ನೆಟ್ ಕಳ್ಳರನ್ನು ಪೊಲೀಸರು ಬೆನ್ನಟ್ಟುವ ಸಿನಿಮಾವೊಂದನ್ನು ಕುಂದಾಪುರದಲ್ಲಿ ನೋಡಿದ ಮೇಲೆ, ಮೀನು ವ್ಯಾಪಾರದ ನನ್ನ ಮಾವ ಯಾರನ್ನೂ ನಂಬದಾದರು. ಮುಂಬೈಯ ತಮ್ಮನ ಮೇಲ್ ನೋಡಲು ನನ್ನನ್ನು ಕರೆದುಕೊಂಡು ಸೈಬರ್ ಕೆಫೆಗೆ ಹೋದಾಗ, ಪಾಸ್‌ವರ್ಡ್ ಯಾರಿಗೂ ಕಾಣಬಾರದೆಂದು ಹೆಗಲ ಮೇಲಿನ ಟವೆಲನ್ನು, ಅಂದರೆ ತಮ್ಮ ಬೈರಾಸನ್ನು, ಕೀಬೋರ್ಡಿಗೆ ಹೊದಿಸಿ, ತಾವೂ ಅದರೊಳಗೆ ತಲೆ ತೂರಿಸಿದರು. ಆದರೆ ಬಂದರಿನಲ್ಲಿ ಮೀನು ಏಲಂ ಕೂಗಿ ಪಳಗಿದ ಗಂಟಲು ಅವರದು. ಒಂದೊಂದೇ ಅಕ್ಷರ ಹುಡುಕಿ, ಗಟ್ಟಿಯಾಗಿ ಹೇಳಿಕೊಂಡೇ ಒತ್ತಿದರು.

ಮುಂದಿನ ವಾರ ಕೊನೆಯ ಅಂಕಿ ಮರೆತು ಕೂತಾಗ, ಹೋದ ವಾರವೂ ಪಕ್ಕದ ಕಂಪ್ಯೂಟರಿನಲ್ಲೇ ಕೂತಿದ್ದವನು, "ಹ್ವಾಯ್, ಕಡಿಗೆ ಏಳ್ ಅಲ್ದಾ?" ಎಂದು ನೆನಪಿಸಿದ.

ಮಾವ ಏಳು ಒತ್ತಿದರು. ಮೇಲ್ ತೆರೆಯಿತು. ಹೊರಗೆ ಬಂದವರೇ ನನ್ನ ಕಿವಿಯಲ್ಲಿ ಹೇಳಿದರು: "ಕಂಡ್ಯಲ್ದಾ, ಅಂವ ಹ್ಯಾಕರೇ ಸೈ. ನಾಳಿಂದ ಇನ್ನೂ ದೊಡ್ಡ ಬೈರಾಸ್ ಬೇಕ್."